ರಾಯಲ್ ಓಕ್ ವಾಚಿನ ಎಂಟು ಸ್ಕ್ರೂಗಳ ಗುಟ್ಟು

ಪ್ರಶ್ನೆ: ಓಡ್ಮಾರ್ ಪಿಗೆ ಕಂಪನಿಯ ರಾಯಲ್ ಓಕ್ ವಾಚಿನ ಫೋಟೊವನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಗಾಜಿನ ಸುತ್ತ ಇರುವ ಎಂಟೂ ಸ್ಕ್ರೂಗಳ ಗೀರುಗಳು ಅಂಚು ಸುತ್ತಿಹೋಗುವ ದಿಕ್ಕಿಗೆ ಸರಿಯಾಗಿ ಹೊಂದಿಕೊಂಡಿವೆ. ಸ್ಕ್ರೂ ಬಿಗಿ ಮಾಡಿದಾಗ ಗೀರು ಎಲ್ಲೆಂದರಲ್ಲಿ ನಿಲ್ಲಬೇಕಲ್ವಾ? ಅವು ಸುಮ್ನೆ ಅಂದಕ್ಕೆ ಇಟ್ಟಿದ್ದಾ? ಮತ್ತೆ, ಬರೀ ಸ್ಟೀಲ್ ವಾಚಿಗೆ ಅಷ್ಟೊಂದು ಬೆಲೆ ಯಾಕೆ?

ಉತ್ತರ: ತುಂಬಾ ಚೆನ್ನಾಗಿ ಗಮನಿಸಿದ್ದೀರಿ. ಅಂದಕ್ಕಲ್ಲ, ಅವು ನಿಜಕ್ಕೂ ಕೆಲಸ ಮಾಡುತ್ತವೆ. ಆದರೆ ಅವು ಸ್ಕ್ರೂ ಅಲ್ಲ, ಬೋಲ್ಟ್.

ಇನ್ನೊಮ್ಮೆ ಫೋಟೊ ನೋಡಿ. ಬೋಲ್ಟಿನ ತಲೆ ದುಂಡಗಿಲ್ಲ, ಆರು ಮೂಲೆಯದು. ಗಾಜಿನ ಸುತ್ತಲಿನ ಎಂಟು ಮೂಲೆಯ ಪಟ್ಟಿಗೆ ಬೆಜೆಲ್ ಅನ್ನುತ್ತಾರೆ. ಅದರಲ್ಲಿ ಅಳತೆಗೆ ಸರಿಯಾಗಿ ಆರು ಮೂಲೆಯ ಗುಳಿಗಳಿವೆ. ಆ ಗುಳಿಯಲ್ಲಿ ತಲೆ ಕೂತರೆ ಮುಗೀತು, ತಿರುಗಲು ಜಾಗವೇ ಇಲ್ಲ. ಕೂರಿಸುವಾಗಲೇ ಗೀರನ್ನು ಅಂಚಿನ ದಿಕ್ಕಿಗೆ ಹೊಂದಿಸಿ, ಹಿಂಬದಿಯಿಂದ ಬಿಗಿ ಮಾಡುತ್ತಾರೆ. ಬೆಜೆಲ್, ಅದರ ಕೆಳಗಿನ ರಬ್ಬರ್ ವಾಷರ್, ವಾಚಿನ ಒಡಲು ಈ ಮೂರನ್ನೂ ಹಿಡಿದಿಡುವುದು ಇದೇ ಬೋಲ್ಟುಗಳು. ಮೊದಲ ಮಾಡೆಲ್‌ನಲ್ಲಿ ತೆಗೆಯಬಹುದಾದ ಹಿಂಬದಿ ಮುಚ್ಚಳವೇ ಇರಲಿಲ್ಲ, ಒಳಗಿನ ಯಂತ್ರವನ್ನು ಮುಂದಿನಿಂದಲೇ ಇಳಿಸಬೇಕಿತ್ತು.

ಇದರ ಚಿತ್ರ ಬಿಡಿಸಿದವರು ವಾಚ್ ಡಿಸೈನರ್ ಜೆರಾಲ್ಡ್ ಜೆಂಟಾ. ಕಂಪನಿಯ ಮುಖ್ಯಸ್ಥ ಜಾರ್ಜ್ ಗೋಲೆ ಫೋನ್ ಮಾಡಿ ಬೆಳಗಾಗುವುದರೊಳಗೆ ಹೊಸ ಡಿಸೈನ್ ಬೇಕು ಅಂದರಂತೆ, ಇವರು ಒಂದೇ ರಾತ್ರಿಯಲ್ಲಿ ಬಿಡಿಸಿ ಕೊಟ್ಟರಂತೆ. ಜೆಂಟಾ ಅವರೇ ಹೇಳಿಕೊಂಡ ಕಥೆ ಇದು. ನೀರಿಗಿಳಿಯುವ ಮುಳುಗುಗಾರರ ಹಳೇ ಕಾಲದ ಹೆಲ್ಮೆಟ್ ಅವರ ತಲೆಯಲ್ಲಿತ್ತು. ಅದರಲ್ಲೂ ಬೋಲ್ಟು, ರಬ್ಬರು ಎಲ್ಲ ಹೊರಗೇ ಕಾಣುತ್ತವೆ. ಅಲ್ಲಿಯವರೆಗೆ ದುಬಾರಿ ವಾಚುಗಳು ಮುಚ್ಚಿಡುತ್ತಿದ್ದುದನ್ನೇ ಇವರು ಮುಖದ ಮೇಲೆ ತಂದಿಟ್ಟರು. ನನಗೆ ಈ ವಾಚಿನಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದೇ ಈ ಧೈರ್ಯ.

ಇನ್ನು ಬೆಲೆ. 1972ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಾಚ್ ಮೇಳದಲ್ಲಿ ಬಂದಾಗ ಇದರ ಬೆಲೆ 3,000 ಸ್ವಿಸ್ ಫ್ರಾಂಕ್‌ಗಿಂತ ಜಾಸ್ತಿ, ಆಗಿನ ಎಷ್ಟೋ ಚಿನ್ನದ ವಾಚುಗಳನ್ನೂ ಮೀರಿಸಿತ್ತು. ಅಗಲ 39 ಮಿಲಿಮೀಟರ್, ಆ ಕಾಲಕ್ಕೆ ದೊಡ್ಡದೇ, ಅದಕ್ಕೇ ಜಂಬೋ ಅನ್ನೋ ಅಡ್ಡಹೆಸರು. ದುಡ್ಡು ಹೋಗುವುದು ಲೋಹಕ್ಕಲ್ಲ, ಕೈಕೆಲಸಕ್ಕೆ. ಸ್ಟೀಲ್ ಗಟ್ಟಿ, ಚಿನ್ನದಷ್ಟು ಸುಲಭವಾಗಿ ಬಗ್ಗುವುದಿಲ್ಲ, ಅದಕ್ಕೇ ಮೊದಲ ಮಾದರಿಗಳನ್ನು ಬಿಳಿ ಚಿನ್ನದಲ್ಲಿ ಮಾಡಿ ನೋಡಿದ್ದರು. ಬೆಜೆಲ್ ಮೇಲ್ಮೈಯಲ್ಲಿ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೆರೆಗಳು, ಪಕ್ಕದ ಓರೆ ಅಂಚು ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತದೆ. ಇವೆರಡೂ ಸೇರುವ ಗೆರೆ ಎಲ್ಲೂ ಮಸುಕಾಗಬಾರದು. ಕೈಪಟ್ಟಿಯ ಕೊಂಡಿಗಳೂ ಕೆಳಗೆ ಹೋಗುತ್ತಾ ಕಿರಿದಾಗುತ್ತವೆ, ಹಾಗಾಗಿ ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಮುಗಿಸುವ ಹಾಗಿಲ್ಲ. ಮೊದಲ ಮಾಡೆಲ್‌ನ ಒಳಗಿದ್ದ 2121 ಅನ್ನೋ ಯಂತ್ರ ತಾನೇ ಕೀಲಿ ಕೊಟ್ಟುಕೊಳ್ಳುವಂಥದ್ದು, ಆದರೂ ದಪ್ಪ ಬರೀ 3.05 ಮಿಲಿಮೀಟರ್ ಇತ್ತು.

ಒಂದು ಮಾತು ಸೇರಿಸುತ್ತೇನೆ. ಇದು ಹಡಗಿನ ಕಿಟಕಿಯ ಆಕಾರ ಅಂತ ಬಹಳ ಜನ ಹೇಳುತ್ತಾರೆ. ರಾಯಲ್ ಓಕ್ ಅನ್ನೋದು ಬ್ರಿಟಿಷ್ ಯುದ್ಧನೌಕೆಗಳ ಹೆಸರಾದ್ದರಿಂದ ಆ ಗೊಂದಲ ಇರಬೇಕು. ಹಡಗಿನ ಕಿಟಕಿಯನ್ನು ನೋಡಿ ಜೆಂಟಾ ಮಾಡಿದ ವಾಚು ಬೇರೆ. ಅದು ಪಾಟೆಕ್ ಫಿಲಿಪ್ ಕಂಪನಿಗೆ ಮಾಡಿಕೊಟ್ಟ, 1976ರಲ್ಲಿ ಬಂದ ನಾಟಿಲಸ್. ಅದರ ಎರಡೂ ಪಕ್ಕದಲ್ಲಿ ಕಿಟಕಿಯ ಕೀಲಿನಂಥ ಕಿವಿಗಳು ಈಗಲೂ ಇವೆ, ನೋಡಿ.