ಹೆಡ್ ಕೋಚ್ ಆಗಲಿಲ್ಲ, ನಿಜ. ಆದರೆ...

ನಿಮ್ಮ ಪತ್ರ ಓದಿದೆ. ಅಮೆರಿಕನ್ ಫುಟ್‌ಬಾಲ್ ಲೇಖನದಲ್ಲಿ ಡಾಂಟೆ ಸ್ಕಾರ್ನೆಕಿಯಾ ಅವರನ್ನು ಹೊಗಳಿದ್ದು ನಿಮಗೆ ಸರಿ ಕಾಣಲಿಲ್ಲ. ‘ಜೀವಮಾನವಿಡೀ ಸಹಾಯಕ ಕೋಚ್ ಆಗಿಯೇ ಉಳಿದವರಲ್ಲಿ ಏನಿದೆ ದೊಡ್ಡದು?’ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ದೊಡ್ಡದು ಅದೇ.

ಒಂದು ತಂಡದಲ್ಲಿ 53 ಆಟಗಾರರು. ಹೆಡ್ ಕೋಚ್ ಒಬ್ಬರೇ ಎಲ್ಲರಿಗೂ ಕಲಿಸಲು ಆಗಲ್ಲ, ಅದಕ್ಕೇ ಒಂದೊಂದು ಗುಂಪಿಗೆ ಒಬ್ಬೊಬ್ಬ ಕೋಚ್. ಸ್ಕಾರ್ನೆಕಿಯಾ ಅವರದು ಆಫೆನ್ಸಿವ್ ಲೈನ್, ಅಂದರೆ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆ ಕಟ್ಟುವ ಐದು ಜನ. ನಡುವಿನವನು ಚೆಂಡನ್ನು ಹಿಂದಕ್ಕೆ ಕೊಟ್ಟ ಮೇಲೆ ಎದುರಾಳಿಗಳನ್ನು ಎರಡು ಮೂರು ಸೆಕೆಂಡ್ ತಡೆಯಬೇಕು. ಮೊದಲ ಹೆಜ್ಜೆ ಯಾವ ಕಡೆ, ಕೈ ಎದುರಾಳಿಯ ಎದೆಯ ಎಲ್ಲಿಗೆ ಹೋಗಬೇಕು, ಪಕ್ಕದವನ ಜೊತೆ ಹೇಗೆ ಸರಿಯಬೇಕು, ಇದನ್ನೇ ದಿನಾ ಮಾಡಿಸಬೇಕು. ಐವರಲ್ಲಿ ಒಬ್ಬ ತಪ್ಪು ಕಡೆ ಕಾಲಿಟ್ಟರೂ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ.

ಈ ನೌಕರಿಗೆ ಭದ್ರತೆಯೂ ಇಲ್ಲ. ಹೆಡ್ ಕೋಚ್ ಕೆಲಸ ಹೋದರೆ ಸಹಾಯಕರೂ ಸಾಮಾನ್ಯವಾಗಿ ಗಂಟುಮೂಟೆ ಕಟ್ಟಬೇಕು, ಹೊಸಬರು ತಮ್ಮವರನ್ನು ಕರ್ಕೊಂಡು ಬರ್ತಾರಲ್ವಾ? ಸ್ಕಾರ್ನೆಕಿಯಾ 1982ರಲ್ಲಿ ಹೆಡ್ ಕೋಚ್ ರಾನ್ ಮೇಯರ್ ಜೊತೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಕ್ಕೆ ಬಂದರು. 1989, 90ರಲ್ಲಿ ಅದೇ ಮೇಯರ್ ಜೊತೆ ಇಂಡಿಯಾನಾಪೊಲಿಸ್ ತಂಡದಲ್ಲಿದ್ದು ವಾಪಸ್ ಪೇಟ್ರಿಯಟ್ಸ್‌ಗೆ ಬಂದರು. 1992ರಲ್ಲಿ ಹೆಡ್ ಕೋಚ್ ಮ್ಯಾಕ್‌ಫರ್ಸನ್ ಕಾಯಿಲೆ ಬಿದ್ದಾಗ ತಂಡವನ್ನೂ ನೋಡಿಕೊಂಡರು. ಆಮೇಲೆ ಹೆಡ್ ಕೋಚ್ ಆಗಿ ಬಂದವರು ಪಾರ್ಸೆಲ್ಸ್, ಕ್ಯಾರೊಲ್, ಬೆಲಿಚಿಕ್. ಒಬ್ಬೊಬ್ಬರದೂ ಒಂದೊಂದು ರೀತಿ, ಆದರೂ ಯಾರೂ ಇವರನ್ನು ಬಿಟ್ಟುಕೊಡಲಿಲ್ಲ. ಸುಮ್ನೆ ಆಗುವ ಮಾತಲ್ಲ ಇದು.

ಸ್ಟೀಫನ್ ನೀಲ್ ಅವರ ಕಥೆ ನೋಡಿ. ಅವರು 1999ರ ವಿಶ್ವ ಕುಸ್ತಿ ಚಾಂಪಿಯನ್. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರೇ ಅಲ್ಲ! ಅಂಥವರಿಗೆ ಸ್ಕಾರ್ನೆಕಿಯಾ ಗಾರ್ಡ್ ಜಾಗದ, ಅಂದರೆ ಆ ಐವರಲ್ಲಿ ನಡುವಿನವನ ಪಕ್ಕದ ಜಾಗದ, ಆಟವನ್ನು ಮೊದಲಿನಿಂದ ಕಲಿಸಿದರು. 2004ರ ಋತುವಿನ ಸೂಪರ್ ಬೌಲ್, ಅಂದರೆ ಲೀಗ್‌ನ ಅಂತಿಮ ಪಂದ್ಯ, ಗೆದ್ದ ಪೇಟ್ರಿಯಟ್ಸ್ ತಂಡದಲ್ಲಿ ಬಲಗಡೆಯ ಗಾರ್ಡ್ ಆಗಿ ಆಟ ಶುರು ಮಾಡಿದವರು ಇದೇ ನೀಲ್. ಇಂಥ ಕೆಲಸ ಮೈದಾನಕ್ಕಿಳಿದು ಒಬ್ಬೊಬ್ಬರ ಹಿಂದೆಯೇ ಇರುವವರಿಂದ ಮಾತ್ರ ಆಗುತ್ತೆ.

2013ರ ಋತು ಮುಗಿದ ಮೇಲೆ ಸ್ಕಾರ್ನೆಕಿಯಾ ನಿವೃತ್ತರಾದರು. 2016ರ ಜನವರಿಯಲ್ಲಿ ಡೆನ್ವರ್ ತಂಡದ ಎದುರಿನ ಪಂದ್ಯದಲ್ಲಿ ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 20 ಸಲ ಹೊಡೆತ ತಿಂದರು, ತಂಡ 20-18ರಲ್ಲಿ ಸೋತಿತು. ತಂಡ ಮತ್ತೆ ಕರೆದದ್ದು ಇವರನ್ನೇ, ಆಗ ವಯಸ್ಸು 68ರ ಆಸುಪಾಸು. ಮರುವರ್ಷವೇ ಸೂಪರ್ ಬೌಲ್ ಬಂತು. 2018ರ ಋತುವಿನಲ್ಲಂತೂ ಸೂಪರ್ ಬೌಲ್ ಸೇರಿ ಮೂರು ಪ್ಲೇಆಫ್ (ಋತುವಿನ ಕೊನೆಯ ನಾಕೌಟ್) ಪಂದ್ಯಗಳಲ್ಲಿ ಬ್ರೇಡಿ ಚೆಂಡು ಎಸೆಯುವ ಮೊದಲೇ ನೆಲಕ್ಕುರುಳಿದ್ದು ಒಂದೇ ಸಲ. 2020ರಲ್ಲಿ ಪೂರ್ತಿಯಾಗಿ ಬಿಡುವಾಗ ಪೇಟ್ರಿಯಟ್ಸ್‌ನಲ್ಲಿ 34 ಋತು ಮುಗಿಸಿದ್ದರು, ಐದು ಸೂಪರ್ ಬೌಲ್ ಗೆದ್ದಿದ್ದರು.