ಹಳೇ ಕಾರಿನ ಬ್ರೇಕ್ ಸದ್ದು: ಮೊದಲು ಯಾವುದನ್ನು ನೋಡಬೇಕು?

ನಿಮ್ಮ ಪ್ರಶ್ನೆಯಲ್ಲಿ ಒಂದಲ್ಲ, ಮೂರು ತೊಂದರೆ ಉಂಟು. 2012ರ ಸಣ್ಣ ಪೆಟ್ರೋಲ್ ಕಾರು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ, ದಿನಾ ಉಡುಪಿಯಿಂದ ಸುರತ್ಕಲ್‌ಗೆ ಓಡಾಟ. ಬೆಳಿಗ್ಗೆ ಬ್ರೇಕ್ ಒತ್ತಿದರೆ ‘ಕರ್ರ್’ ಅನ್ನುತ್ತದೆ. ಅರುವತ್ತು ದಾಟಿದ ಮೇಲೆ ‘ಗುಂಯ್’ ಅಂತ ಇನ್ನೊಂದು ಸದ್ದು. ಪೆಡಲ್ ಮೊದಲಿಗಿಂತ ಸ್ವಲ್ಪ ಕೆಳಗೆ ಹೋಗುತ್ತದೆ. ಗ್ಯಾರೇಜಿನವರು ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ), ಪ್ಯಾಡ್ (ಡಿಸ್ಕನ್ನು ಉಜ್ಜಿ ನಿಲ್ಲಿಸುವ ತುಂಡು), ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಬೇರಿಂಗ್ (ಚಕ್ರ ಸಲೀಸಾಗಿ ತಿರುಗುವಂತೆ ಮಾಡುವ ಭಾಗ) ಎಲ್ಲಾ ಹೊಸತು ಹಾಕುವ ಅಂದಿದ್ದಾರೆ, ಒಪ್ಪಬೇಕಾ ಅಂತ ಕೇಳಿದ್ದೀರಿ.

ಈಗಲೇ ಒಪ್ಪಬೇಡಿ. ಚಕ್ರ ಬಿಚ್ಚಿ ನೋಡದೆ ಈ ಪಟ್ಟಿ ಹೇಗೆ ಬಂತು ಅಂತ ಮೊದಲು ಕೇಳಿ. ನಾನು ಹಳೇ ಕಾರುಗಳನ್ನೇ ಇಟ್ಟುಕೊಂಡವನು, ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡುವ ಅಭ್ಯಾಸ ಉಂಟು. ನನ್ನ ಪ್ರಕಾರ ನೀವು ಹೆದರಬೇಕಾದ್ದು ಸದ್ದಿಗಲ್ಲ, ಕೊನೆಗೆ ಒಂದು ಸಾಲಿನಲ್ಲಿ ಬರೆದು ಬಿಟ್ಟ ಪೆಡಲ್ಲಿಗೆ. ಬ್ರೇಕ್ ಪೂರ್ತಿ ಕೈಕೊಡುವ ತೊಂದರೆಗಳು ಹೆಚ್ಚಾಗಿ ಸದ್ದೇ ಮಾಡುವುದಿಲ್ಲ.

ಹಾಗಾಗಿ ಪೆಡಲ್ಲಿನಿಂದ ಶುರು ಮಾಡಿ. ಇದಕ್ಕೆ ಮನೆ ಅಂಗಳ ಸಾಕು, ಕಾರು ಓಡಿಸುವುದೂ ಬೇಡ.

ಇಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡಿ. ಗಟ್ಟಿಯಾಗುತ್ತದೆ. ಈಗ ಕಾಲು ಒತ್ತಿ ಹಿಡಿದೇ ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಒಂಚೂರು ಕೆಳಗಿಳಿದರೆ ಬೂಸ್ಟರ್, ಅಂದರೆ ಇಂಜಿನ್ ಓಡುವಾಗ ಪೆಡಲನ್ನು ಹಗುರ ಮಾಡುವ ಭಾಗ, ಸರಿ ಇದೆ. ಇಳಿಯದೆ ಕಲ್ಲಿನ ಹಾಗೆ ನಿಂತರೆ ಬೂಸ್ಟರ್ ಅಥವಾ ಅದರ ಹೋಸ್ ನೋಡಿಸಬೇಕು.

ಇಂಜಿನ್ ಓಡುತ್ತಿರಲಿ. ಪೆಡಲನ್ನು ಒಂದೇ ಹದದಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ನಿಧಾನಕ್ಕೆ ನೆಲದ ಕಡೆ ಇಳಿಯುತ್ತಾ ಹೋದರೆ ಎಲ್ಲೋ ಬ್ರೇಕ್ ಆಯಿಲ್ ಲೀಕ್ ಇದೆ, ಇಲ್ಲವೇ ಆ ಆಯಿಲನ್ನು ಚಕ್ರದ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ. ಹಾಗಾದರೆ ಆ ಕಾರನ್ನು ಓಡಿಸಬೇಡಿ ಮಾರಾಯ್ರೆ. ಮೆಕ್ಯಾನಿಕ್ ಮನೆಗೇ ಬರಲಿ.

ಇಳಿಯುವುದಿಲ್ಲ, ಆದರೆ ಸ್ಪಂಜಿನ ಹಾಗೆ ಮೆತ್ತಗೆ ಅನಿಸುತ್ತದೆ ಅಂದರೆ ಬ್ರೇಕ್ ಆಯಿಲಿನ ಲೈನಿನಲ್ಲಿ ಗಾಳಿ ಸೇರಿರಬಹುದು. ಏರ್ ತೆಗೆದರೆ ಸರಿಯಾಗುತ್ತದೆ, ಆದರೆ ಗಾಳಿ ಎಲ್ಲಿಂದ ಹೊಕ್ಕಿತು ಅಂತಲೂ ನೋಡಬೇಕು. ಇನ್ನು ಪೆಡಲ್ ಕೆಳಗೆ ಹೋದರೂ ಕೊನೆಗೆ ಗಟ್ಟಿಯಾಗಿ ನಿಲ್ಲುತ್ತದೆ, ಎರಡನೇ ಸಲ ಒತ್ತಿದರೆ ಮೇಲೆಯೇ ಹಿಡಿಯುತ್ತದೆ ಅಂದರೆ ನನ್ನ ಅನುಮಾನ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನ ಮೇಲೆ. ಬ್ರೇಕ್ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ತುಂಡು) ಸವೆದ ಹಾಗೆ ತಾನೇ ಅಡ್ಜಸ್ಟ್ ಆಗುವ ಒಂದು ಸಣ್ಣ ಭಾಗ ಅಲ್ಲಿದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಕೂತುಬಿಡುತ್ತದೆ. ಶೂ ಮತ್ತು ಡ್ರಮ್ಮಿನ ನಡುವೆ ಗ್ಯಾಪ್ ಜಾಸ್ತಿಯಾಗುತ್ತದೆ. ಹ್ಯಾಂಡ್‌ಬ್ರೇಕ್ ಲಿವರ್ ಕೂಡ ಮೊದಲಿಗಿಂತ ತುಂಬಾ ಮೇಲೆ ಬರುತ್ತಿದೆಯಾ? ಹೌದಾದರೆ ಮುಂದಿನ ಡಿಸ್ಕ್ ಬದಲಿಸಿ ಎಂತ ಪ್ರಯೋಜನ? ಡ್ರಮ್ ಬಿಚ್ಚಿ, ಧೂಳು ತೆಗೆದು, ಅಡ್ಜಸ್ಟ್ ಮಾಡಿಸಿ. ಶೂವನ್ನು ತಳ್ಳುವ ವೀಲ್ ಸಿಲಿಂಡರ್ ಆಯಿಲ್ ಸೋರಿ ಒದ್ದೆಯಾಗಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಬಾನೆಟ್ ತೆರೆದು ಬ್ರೇಕ್ ಆಯಿಲಿನ ಮಟ್ಟವನ್ನೂ ನೋಡಿ. ಪ್ಯಾಡ್ ಸವೆದ ಹಾಗೆ ಅದು ನಿಧಾನಕ್ಕೆ ಇಳಿಯುವುದು ಸಹಜ. ಒಂದು ವಾರದಲ್ಲಿ ಇಳಿದರೆ ಸಹಜ ಅಲ್ಲ. ಸುಮ್ನೆ ಮೇಲಿಂದ ತುಂಬಿಸಿ ಮರೆಯಬೇಡಿ. ಹಿಂದಿನ ಓನರ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಗೊತ್ತಿಲ್ಲದಿದ್ದರೆ ಪೂರ್ತಿ ಹೊಸತು ಹಾಕಿಸಿ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮಲ್ಲಿ ತೇವಕ್ಕೆ ಬರಗಾಲ ಇಲ್ಲ ಅಲ್ವಾ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸತಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155. ಉಡುಪಿ–ಸುರತ್ಕಲ್ ಸಮತಟ್ಟು ರಸ್ತೆಯಲ್ಲಿ ನಿಮಗೆ ವ್ಯತ್ಯಾಸವೇ ಗೊತ್ತಾಗದೆ ಇರಬಹುದು. ಒಂದು ಭಾನುವಾರ ಆಗುಂಬೆಗೆ ಹೋಗಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಸೋಮೇಶ್ವರದ ಕಡೆ ಇಳಿಯುವಾಗ ಗೊತ್ತಾಗುತ್ತದೆ. ಆಯಿಲ್ ಕುದಿದು ಆವಿಯಾದರೆ ಪೆಡಲ್ ಸೀದಾ ನೆಲಕ್ಕೆ. ಆಯಿಲ್ ಹೊಸತಿದ್ದರೂ ಘಾಟಿಯಲ್ಲಿ ಎರಡನೇ ಗೇರಿನಲ್ಲೇ ಇಳಿಯಿರಿ.

ಈಗ ಬೆಳಗಿನ ‘ಕರ್ರ್’. ಡಿಸ್ಕ್ ಎರಕದ ಕಬ್ಬಿಣ. ರಾತ್ರಿ ಮಳೆ ಬಂದರೆ, ಕಾರು ತೊಳೆದು ನಿಲ್ಲಿಸಿದರೆ, ಬೆಳಿಗ್ಗೆಗೆ ಅದರ ಮೇಲೆ ತೆಳ್ಳಗೆ ತುಕ್ಕು ಬಂದಿರುತ್ತದೆ. ನಾಲ್ಕಾರು ಸಲ ಬ್ರೇಕ್ ಹಾಕಿದರೆ ಉಜ್ಜಿ ಹೋಗುತ್ತದೆ. ಉದ್ಯಾವರ ಸೇತುವೆ ದಾಟುವಷ್ಟರಲ್ಲಿ ಸದ್ದು ನಿಂತರೆ ತಲೆ ಕೆಡಿಸಿಕೊಳ್ಳಬೇಡಿ. ಕಾಪುವಿನಲ್ಲೂ ಕೇಳಿಸುತ್ತಿದ್ದರೆ ಚಕ್ರ ಬಿಚ್ಚಿಸಿ. ಸಣ್ಣಗೆ ‘ಕೀಂ’ ಅಂತ ಕಿವಿ ಚುಚ್ಚುವ ಸದ್ದಾದರೆ ಪ್ಯಾಡ್ ಮುಗಿಯುತ್ತಾ ಬಂದಿರಬಹುದು. ಹಲವು ಪ್ಯಾಡ್‌ಗಳಲ್ಲಿ ಅದಕ್ಕೆಂದೇ ಒಂದು ತಗಡಿನ ನಾಲಿಗೆ ಇರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಒರಟು ಸದ್ದಾದರೆ ಪ್ಯಾಡ್ ಮುಗಿದೇ ಹೋಗಿದೆ. ಕೆಲವೊಮ್ಮೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ಮಧ್ಯೆ ಒಂದು ಜಲ್ಲಿ ಚೂರು ಸಿಕ್ಕಿಕೊಂಡರೂ ಭಯಂಕರ ಸದ್ದು ಬರುತ್ತದೆ. ಅದನ್ನು ತೆಗೆದರೆ ಕೆಲಸ ಮುಗಿಯಿತು.

ಮೊಬೈಲ್ ಟಾರ್ಚಿನಲ್ಲಿ ಚಕ್ರದ ತೂತಿನಿಂದ ಹೊರಗಿನ ಪ್ಯಾಡ್ ಕಾಣುತ್ತದೆ. ಅದನ್ನು ನಂಬಬೇಡಿ. ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದಿದ್ದರೆ ಹೆಚ್ಚಾಗಿ ಒಳಗಿನ ಪ್ಯಾಡ್ ಮೊದಲು ಸವೆಯುತ್ತದೆ. ಒಳಗಿನದ್ದು 3 ಮಿಲಿಮೀಟರಿಗೆ ಬಂದಿದ್ದರೆ ಬದಲಿಸಿ, ಎರಡೂ ಬದಿ ಒಟ್ಟಿಗೆ. ಪಿನ್ ಬಿಗಿದುಕೊಂಡ ಮಾತ್ರಕ್ಕೆ ಕ್ಯಾಲಿಪರ್ ಹೊಸತು ಬೇಡ. ತೆಗೆದು ಸ್ವಚ್ಛ ಮಾಡಿ, ಬ್ರೇಕಿಗೆಂದೇ ಸಿಗುವ ಗ್ರೀಸ್ ಹಚ್ಚಿದರೆ ಸಾಕು. ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಬ್ರೇಕ್ ಬಿಟ್ಟ ಮೇಲೂ ಕ್ಯಾಲಿಪರ್ ಹಿಡಿದುಕೊಂಡಿದೆಯಾ ಅಂತ ತಿಳಿಯಲು, ಸುರತ್ಕಲ್‌ನಲ್ಲಿ ಇಳಿದ ಕೂಡಲೇ ಮುಂದಿನ ಎರಡೂ ಚಕ್ರದ ಹತ್ತಿರ ಅಂಗೈ ಒಡ್ಡಿ. ಮುಟ್ಟಬೇಡಿ. ಒಂದು ಬದಿ ಮಾತ್ರ ಕಾವು ಹೊಡೆದರೆ ಅಲ್ಲೇ ತೊಂದರೆ.

‘ಗುಂಯ್’ ಸದ್ದಿಗೆ ಒಂದೇ ಪ್ರಶ್ನೆ: ಬ್ರೇಕ್ ಒತ್ತಿದರೆ ಬದಲಾಗುತ್ತದಾ? ಇಲ್ಲ ಅಂದರೆ ಅದು ಬ್ರೇಕಿನದ್ದು ಆಗಿರುವ ಸಾಧ್ಯತೆ ಕಡಿಮೆ. ನ್ಯೂಟ್ರಲ್ ಮಾಡಿದರೂ ಹಾಗೇ ಇದ್ದರೆ ಇಂಜಿನಿನದ್ದೂ ಅಲ್ಲ. ಉಳಿದದ್ದು ಬೇರಿಂಗ್ ಮತ್ತು ಟಯರ್. ಇವೆರಡರ ಸದ್ದಿನಲ್ಲಿ ಮೆಕ್ಯಾನಿಕ್‌ಗಳೂ ಮೋಸ ಹೋಗುತ್ತಾರೆ. ಡಾಂಬರು ರಸ್ತೆಯಿಂದ ಮಂಗಳೂರಿನ ಕಾಂಕ್ರೀಟ್ ರಸ್ತೆಗೆ ಹತ್ತಿದಾಗ ಸದ್ದಿನ ಧಾಟಿ ಬದಲಾದರೆ ಟಯರ್ ಅನ್ನಿ. ಬೇರಿಂಗಿಗೆ ರಸ್ತೆ ಯಾವುದಾದರೂ ಒಂದೇ. ಮುಂದಿನ ಟಯರ್ ಹಿಂದಕ್ಕೆ ಹಾಕಿದಾಗ ಸದ್ದೂ ಹಿಂದಕ್ಕೆ ಹೋದರೆ ಬೇರೆ ಸಾಕ್ಷಿ ಬೇಡ. ಬೇರಿಂಗಿಗಾದರೆ, ಖಾಲಿ ರಸ್ತೆಯಲ್ಲಿ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ಆಡಿಸಿ. ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಸಾಮಾನ್ಯವಾಗಿ ಬಲ ಬೇರಿಂಗ್ ಹೋಗಿರುತ್ತದೆ. ಎಕ್ಸ್‌ಪ್ರೆಸ್ ಬಸ್ಸು ಹಿಂದೆ ಇರುವಾಗ ಈ ಪ್ರಯೋಗ ಬೇಡ. ಗ್ಯಾರೇಜಿನಲ್ಲಿ ಕಾರು ಎತ್ತಿದಾಗ ಒಬ್ಬರು ಚಕ್ರ ತಿರುಗಿಸಲಿ, ನೀವು ಪಕ್ಕದ ಸ್ಪ್ರಿಂಗ್ ಮೇಲೆ ಕೈ ಇಡಿ. ಬೇರಿಂಗ್ ಹಾಳಾಗಿದ್ದರೆ ಕೈಗೆ ಗರಗರ ಅಂತ ತಿಳಿಯುತ್ತದೆ.

ಯಾವ ಚಕ್ರ ಅಂತಲೇ ಗೊತ್ತಾಗದಿದ್ದರೆ ಗ್ಲಾಸ್ ಇಳಿಸಿ, ಯಾರದ್ದಾದರೂ ಕೆಂಪುಕಲ್ಲಿನ ಕಾಂಪೌಂಡ್ ಪಕ್ಕದಲ್ಲಿ ನಿಧಾನಕ್ಕೆ ಹೋಗಿ. ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಆ ಬದಿಯದ್ದು ಜೋರಾಗಿ ಕೇಳುತ್ತದೆ. ಹೊಂಡಕ್ಕೆ ಇಳಿದಾಗ ‘ಕಟ ಕಟ’ ಅಂದರೆ ಅದು ಸಸ್ಪೆನ್ಷನ್ನಿನ ಲಿಂಕ್ ರಾಡ್, ಬುಷ್ ಕತೆ, ಬೇರೆಯೇ ವಿಷಯ.

ಮಳೆಗಾಲದಲ್ಲಿ ಕಾರು ಎರಡು ಮೂರು ದಿನ ನಿಲ್ಲುವುದಾದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಒದ್ದೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಅರ್ಧ ನಿಮಿಷ ಒತ್ತಿ ಹಿಡಿದಾಗ ಪೆಡಲ್ ಇಳಿಯಿತಾ, ಎರಡನೇ ಸಲ ಒತ್ತಿದಾಗ ಮೇಲೆ ಹಿಡಿಯಿತಾ, ಈ ಎರಡು ಉತ್ತರ ಇಲ್ಲಿ ಕೆಳಗೆ ಬರೆಯಿರಿ. ಗ್ಯಾರೇಜಿನವರ ಹತ್ತಿರ ಪ್ರತಿ ಭಾಗದ ರೇಟು ಬೇರೆ ಬೇರೆ ಬರೆಸಿಕೊಳ್ಳಿ, ತೆಗೆದ ಹಳೇ ಸಾಮಾನು ಡಿಕ್ಕಿಗೆ ಹಾಕಿ ಅಂತ ಮೊದಲೇ ಹೇಳಿಡಿ.