ಹಿಂಡಿ, ಹೆದರದೆ ಹಿಂಡಿ

ಚೀಲದಲ್ಲಿ ಬಿಯರ್ ಮಾಡುವ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದದ್ದೇ ತಡ, ಪ್ರಶ್ನೆಗಳ ರಾಶಿ ಬಿದ್ದಿದೆ. ಓದದವರಿಗಾಗಿ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ: ದೊಡ್ಡ ಪಾತ್ರೆಗೆ ಬಟ್ಟೆಯ ಚೀಲ ಇಳಿಬಿಟ್ಟು, ಬೇಕಾದಷ್ಟೂ ನೀರನ್ನು ಮೊದಲೇ ಸುರಿದು, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ನುಚ್ಚನ್ನು ಒಂದು ಗಂಟೆ ಬಿಸಿಯಲ್ಲಿ ನೆನೆಸುವುದು. ಚೀಲ ಎತ್ತಿ, ಉಳಿದ ಸಿಹಿ ರಸವನ್ನು ಅದೇ ಪಾತ್ರೆಯಲ್ಲಿ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ) ಜೊತೆ ಕುದಿಸುವುದು. ತಣಿಸಿ ಯೀಸ್ಟ್ ಹಾಕುವುದು. ಮೂರು ಪಾತ್ರೆಗಳ ಕೆಲಸ ಒಂದರಲ್ಲೇ ಮುಗಿಯಿತು. ಮನೆಯಲ್ಲಿ ಬಿಯರ್ ಮಾಡಲು ನೀವಿರುವಲ್ಲಿನ ಕಾನೂನು ಬಿಡುತ್ತದೆಯೇ ಎಂಬುದನ್ನು ಮಾತ್ರ ನೀವೇ ನೋಡಿಕೊಳ್ಳಿ.

ಪ್ರಶ್ನೆ: ನಾಲ್ಕೂವರೆ ಕಿಲೋ ಪೇಲ್ ಮಾಲ್ಟ್ ಹಾಕಿ 20 ಲೀಟರ್ ರಸ ತೆಗೆದೆ. ಹೈಡ್ರೋಮೀಟರ್ (ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ಸಾಂದ್ರತೆಯಿಂದ ತೋರಿಸುವ ತೇಲುಕಡ್ಡಿ, ಬರೀ ನೀರಿಗೆ 1.000) 1.048 ತೋರಿಸಬೇಕಿತ್ತು, 1.036ಕ್ಕೇ ನಿಂತಿತು. ಚೀಲದ ಹಣೆಬರಹವೇ ಇಷ್ಟೇ? — ನಿರಾಶ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಚೀಲವನ್ನು ಬೈಯುವ ಮೊದಲು ಒಂದು ಮಾತು: ರಸವನ್ನು ತಣಿಸಿ ಅಳೆದಿರಾ? ಹೈಡ್ರೋಮೀಟರ್‌ಗಳನ್ನು ಸಾಮಾನ್ಯವಾಗಿ 20 ಡಿಗ್ರಿಗೆ ಹೊಂದಿಸಿರುತ್ತಾರೆ. 60 ಡಿಗ್ರಿ ಬಿಸಿಯ ರಸದಲ್ಲಿ ಇಳಿಬಿಟ್ಟರೆ ಹದಿನೈದು ಪಾಯಿಂಟ್‌ನಷ್ಟು (ಅಂದರೆ 0.015) ಕಡಿಮೆ ತೋರಿಸುತ್ತದೆ. ಇದಕ್ಕೆ ಎಷ್ಟು ಜನ ಕಣ್ಣೀರು ಹಾಕಿದ್ದಾರೋ!

ತಣಿಸಿಯೇ ಅಳೆದಿದ್ದರೆ ನನ್ನ ಬೆರಳು ತೋರಿಸುವುದು ನುಚ್ಚಿನ ಕಡೆಗೆ. ಮಾಲ್ಟನ್ನು ಒಡೆಸಿ ತರುತ್ತೀರಲ್ಲ, ಆ ಗಿರಣಿಯ ರೋಲರ್‌ಗಳ ನಡುವಿನ ಸಂದು ಹೆಚ್ಚಾಗಿ ಮೂರು ಪಾತ್ರೆಯ ಹಳೆಯ ವಿಧಾನದವರಿಗಾಗಿ ಇಟ್ಟದ್ದು, ಒಂದು ಮಿಲಿಮೀಟರಿನ ಆಸುಪಾಸು. ಅವರಿಗೆ ಹೊಟ್ಟು ಇಡಿಯಾಗಿ ಉಳಿಯಬೇಕು. ಆ ಹೊಟ್ಟಿನ ಹಾಸೇ ಅವರ ಜರಡಿ. ನಿಮ್ಮ ಜರಡಿ ಬಟ್ಟೆ! ಹಾಗಾಗಿ 0.7 ಮಿಲಿಮೀಟರಿಗೆ ಇಳಿಸಿ, ಇಲ್ಲವೇ ಎರಡು ಸಲ ಒಡೆಸಿ. ಇಡೀ ಕಾಳು ಒಂದೂ ಕಾಣಬಾರದು. ಹಿಟ್ಟು ಸ್ವಲ್ಪ ಹೆಚ್ಚಾದರೆ ಪಾತ್ರೆಯ ತಳದಲ್ಲಿ ಗಷ್ಟು ಹೆಚ್ಚಾಗುತ್ತದೆ, ಅಷ್ಟೇ. ನಾನು ಇದೊಂದನ್ನೇ ಬದಲಿಸಿ 1.038ರಿಂದ 1.047ಕ್ಕೆ ಏರಿದ್ದೇನೆ, ಅದೇ ಪಾತ್ರೆ, ಅದೇ ಚೀಲ.

ಮಾಲ್ಟ್ ಸುರಿಯುವಾಗ ಕಲಕುತ್ತಲೇ ಇರಿ. ಉಂಡೆ ಕಟ್ಟಿದರೆ ಒಳಗಿನ ನುಚ್ಚು ಒಣಗಿಯೇ ಉಳಿಯುತ್ತದೆ. ಗಂಟೆಯ ಕೊನೆಗೆ ಬಿಳಿ ತಟ್ಟೆಯ ಮೇಲೆ ಒಂದು ಚಮಚ ರಸ, ಅದಕ್ಕೊಂದು ಹನಿ ಅಯೋಡಿನ್. ಕಡುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಸಕ್ಕರೆಯಾಗಿಲ್ಲ, ಕಾಯಿರಿ. ಆ ಚಮಚ ರಸವನ್ನು ಪಾತ್ರೆಗೆ ವಾಪಸು ಸುರಿಯಬೇಡಿ.

ಪ್ರಶ್ನೆ: ಚೀಲ ಹಿಂಡಿದರೆ ಬಿಯರ್ ಒಗರಾಗುತ್ತದೆ ಎನ್ನುತ್ತಾರೆ. ನಾನು ಹಿಂಡಲಿಲ್ಲ, ಆದರೂ ಒಗರು ಬಂತು! — ಗೊಂದಲದಲ್ಲಿರುವವ

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಒಗರು ಬರುವುದು ಹೊಟ್ಟಿನ ಟ್ಯಾನಿನ್‌ನಿಂದ. ಟ್ಯಾನಿನ್ ಬಿಡಿಸುವುದು ನಿಮ್ಮ ಕೈಯ ಬಲವಲ್ಲ, ರಸದ ಪಿಎಚ್ (ಹುಳಿ-ಕ್ಷಾರದ ಅಳತೆ, ಅಂಕಿ ಇಳಿದಷ್ಟೂ ಹುಳಿ). ಅದು 6ರ ಹತ್ತಿರ ಹೋಗಿ, ಜೊತೆಗೆ ಬಿಸಿ 77 ಡಿಗ್ರಿ ದಾಟಿದರೆ ಟ್ಯಾನಿನ್ ಸಲೀಸಾಗಿ ಇಳಿಯುತ್ತದೆ. ನಮ್ಮ ವಿಧಾನದಲ್ಲಿ ನೀರು ಜಾಸ್ತಿ, ನುಚ್ಚು ಕಡಿಮೆ. ನೀರು ಕ್ಷಾರೀಯವಾಗಿದ್ದರೆ ಅದನ್ನು ಹುಳಿಯತ್ತ ಎಳೆಯುವ ತಾಕತ್ತು ಅಷ್ಟು ಮಾಲ್ಟ್‌ಗೆ ಸಾಲದು, ತಿಳಿ ಬಣ್ಣದ ಮಾಲ್ಟ್ ಆದರಂತೂ ಇಲ್ಲವೇ ಇಲ್ಲ. ಪಿಎಚ್ 5.2ರಿಂದ 5.6ರೊಳಗೆ ಇರಲಿ. ಏರಿದ್ದರೆ ಲ್ಯಾಕ್ಟಿಕ್ ಆಸಿಡ್ ಹನಿಹನಿಯಾಗಿ ಹಾಕಿ ಮತ್ತೆ ಅಳೆಯಿರಿ. ನೀರನ್ನು ಹಿಂದಿನ ದಿನವೇ ಕುದಿಸಿ, ತಣಿಸಿ, ತಳದ ಬಿಳಿ ಚರಟ ಬಿಟ್ಟು ಮೇಲಿನದನ್ನು ಬಸಿದುಕೊಂಡರೂ ಬೈಕಾರ್ಬನೇಟ್ ಅಷ್ಟಿಷ್ಟು ಇಳಿಯುತ್ತದೆ.

ಅದೆಲ್ಲ ಸರಿಯಿದ್ದರೆ ಹಿಂಡಿ, ಹೆದರದೆ ಹಿಂಡಿ. ಹಿಂಡದೆ ಬಿಟ್ಟರೆ ಕಿಲೋಗೆ ಒಂದು ಲೀಟರಿನಷ್ಟು ರಸ ನುಚ್ಚಿನಲ್ಲೇ ಕೂತಿರುತ್ತದೆ. ಹಿಂಡಿದರೆ ಅದು ಅರ್ಧದ ಆಸುಪಾಸಿಗೆ ಇಳಿಯುತ್ತದೆ. ನಾನು ಚೀಲವನ್ನು ಜಾಲರಿಯ ಮೇಲೆ ಕೂರಿಸಿ, ಮೇಲೊಂದು ಅಗಲ ಮುಚ್ಚಳ ಇಟ್ಟು ಒತ್ತುತ್ತೇನೆ. ಉದ್ದನೆಯ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಆ ರಸ ಕೈಗೆ ಅಂಟಿಕೊಂಡು ಸುಡುತ್ತದೆ.

ಪ್ರಶ್ನೆ: ಚೀಲಕ್ಕೆ ಯಾವ ಬಟ್ಟೆ? — ಹೊಲಿಗೆ ಯಂತ್ರ ಇರುವವಳು

ಅಬ್ಬಾ, ನನ್ನ ಇಷ್ಟದ ಪ್ರಶ್ನೆ. ಪರದೆಗೆ ಬಳಸುವ ತೆಳು ಪಾಲಿಯೆಸ್ಟರ್ ವಾಯಿಲ್. ಹತ್ತಿ ಬೇಡ, ಉಬ್ಬುತ್ತದೆ, ಬೇಗ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ದಾರವೂ ಪಾಲಿಯೆಸ್ಟರ್‌ದೇ ಇರಲಿ. ಅಳತೆಯಲ್ಲಿ ಕಂಜೂಸಿ ಮಾಡಬೇಡಿ. ಚೀಲ ಎಂದರೆ ಸಾಮಾನು ತುಂಬುವ ಪುಟ್ಟ ಸಂಚಿಯಲ್ಲ, ಪಾತ್ರೆಗೇ ಅಂಗಿ ಹೊಲಿದಂತೆ ಒಳಗೋಡೆಗೆಲ್ಲ ತಾಗಿ, ಬಾಯಿಯ ಮೇಲೆ ಮಡಚಿ ಬೀಳುವಷ್ಟು ಇರಬೇಕು. ನುಚ್ಚು ಒಳಗೆ ಸಡಿಲವಾಗಿ ಓಡಾಡಬೇಕು. ಎರಡು ಸಾಲು ಹೊಲಿಗೆ, ತಳದಲ್ಲಿ ಮೂರು. ಎತ್ತುವಾಗ ಒದ್ದೆ ನುಚ್ಚಿನ ಭಾರವೇ ಏಳೆಂಟು ಕಿಲೋ, ಜೊತೆಗೆ ಸುರಿಯುತ್ತಿರುವ ರಸ.

ಪ್ರಶ್ನೆ: 25 ಲೀಟರಿನ ಪಾತ್ರೆ ಇದೆ. 20 ಲೀಟರ್ ಬಿಯರ್ ಸಾಧ್ಯವೇ? — ಆಶಾವಾದಿ

ಒಂದೇ ಸಲ ಆಗದು. ಲೆಕ್ಕ ನೋಡಿ: ಕೊನೆಗೆ 20 ಲೀಟರ್ ಬೇಕು, ತಳದ ಗಷ್ಟಿಗೆ ಒಂದೂವರೆ, ಗಂಟೆ ಕುದಿಸಿದರೆ ಆವಿಗೆ ಮೂರೂವರೆ (ಇದು ಪಾತ್ರೆಯ ಬಾಯಿಯ ಅಗಲದ ಮೇಲೆ ಬದಲಾಗುತ್ತದೆ), ಹಿಂಡಿದ ಮೇಲೂ ನಾಲ್ಕೂವರೆ ಕಿಲೋ ನುಚ್ಚು ಕುಡಿಯುವುದು ಎರಡೂಮುಕ್ಕಾಲು. ಸುಮಾರು 28 ಲೀಟರ್ ನೀರಾಯಿತು. ಮಾಲ್ಟ್ ಬಿದ್ದಾಗ ಮಟ್ಟ ಇನ್ನೂ ಮೂರು ಲೀಟರ್ ಏರುತ್ತದೆ. 40 ಲೀಟರಿನ ಪಾತ್ರೆ ಇದ್ದರೆ ನೆಮ್ಮದಿ. ನಿಮ್ಮದರಲ್ಲಿ 12 ಲೀಟರ್ ಮಾಡಿ, ಚೆನ್ನಾಗಿ ಬರುತ್ತದೆ.

ಪ್ರಶ್ನೆ: ಒಂದು ಗಂಟೆ ಬಿಸಿ ಹಿಡಿದಿಡುವುದು ಹೇಗೆ? ಕೆಳಗೆ ಸಣ್ಣ ಉರಿ ಇಡಬಹುದೇ? — ಹೊಸಬ

ಇಡಬೇಡಿ. ನನ್ನ ಮೂರನೇ ಪ್ರಯತ್ನದಲ್ಲಿ ಥರ್ಮಾಮೀಟರ್ 64ಕ್ಕೆ ಇಳಿಯಿತೆಂದು ಗಾಬರಿಯಾಗಿ ಉರಿ ಹಚ್ಚಿದೆ. ಚೀಲ ಪಾತ್ರೆಯ ತಳಕ್ಕೆ ಅಂಟಿ ಕೂತಿತ್ತು. ಎತ್ತಿದಾಗ ಅಂಗೈ ಅಗಲದ ತೂತು, ನುಚ್ಚೆಲ್ಲ ರಸದೊಳಗೆ. ರಾತ್ರಿ ಹನ್ನೊಂದರವರೆಗೆ ಜರಡಿ ಹಿಡಿದು ಸೋಸಿದೆವು. ನಮ್ಮವರು ಅಂದು ಒಂದೂ ಮಾತಾಡಲಿಲ್ಲ, ಅದೇ ಹೆಚ್ಚು ನೋವು ಕೊಟ್ಟಿತು.

ಮಾಡಬೇಕಾದ್ದು ಇಷ್ಟೇ. 67 ಡಿಗ್ರಿ ಬೇಕಿದ್ದರೆ ನೀರನ್ನು 70ಕ್ಕೆ ಕಾಯಿಸಿ, ಮಾಲ್ಟ್ ಹಾಕಿ, ಉರಿ ಆರಿಸಿ, ಮುಚ್ಚಿ, ದಪ್ಪ ಕಂಬಳಿ ಸುತ್ತಿ. ಅಷ್ಟು ನೀರಿನ ರಾಶಿ ಬೇಗ ತಣಿಯುವುದಿಲ್ಲ. ಗಂಟೆಯಲ್ಲಿ ಒಂದೆರಡು ಡಿಗ್ರಿ ಇಳಿದರೆ ಇಳಿಯಲಿ. ಅಂದಹಾಗೆ 64 ಡಿಗ್ರಿ ಅನಾಹುತವೇನಲ್ಲ. ಅಲ್ಲಿ ಬೀಟಾ ಅಮೈಲೇಸ್ ಕಿಣ್ವದ ಕೈ ಮೇಲಾಗಿ ಯೀಸ್ಟ್ ತಿನ್ನಬಲ್ಲ ಸಕ್ಕರೆ ಹೆಚ್ಚುತ್ತದೆ, ಬಿಯರ್ ಹಗುರವಾಗಿ, ಸಿಹಿಯಿಲ್ಲದೆ ಬರುತ್ತದೆ. 69ರ ಹತ್ತಿರವಾದರೆ ಮೈದುಂಬಿ ಬರುತ್ತದೆ. ನಾನು ಅಂದು ಸುಮ್ಮನೆ ಕೂತಿದ್ದರೆ ಸಾಕಿತ್ತು.

ಪ್ರಶ್ನೆ: ಇದು ನಿಜವಾದ ಬ್ರೂಯಿಂಗ್ ಅಲ್ಲ ಎಂದು ಗೆಳೆಯ ಹಂಗಿಸುತ್ತಾನೆ. — ಅವಮಾನಿತ

ಲೇಬಲ್ ಇಲ್ಲದ ಎರಡು ಲೋಟ ಕೊಟ್ಟು ಕೇಳಿ.

ಪ್ರಶ್ನೆ: ಐದನೇ ದಿನಕ್ಕೆ ಗುಳ್ಳೆ ನಿಂತಿತು, ಬಾಟಲಿಗೆ ತುಂಬಿದೆ. ಎರಡು ಬಾಟಲಿ ಸಿಡಿದವು! — ಕಪಾಟು ಒರೆಸುತ್ತಿರುವವ

ಗುಳ್ಳೆಯನ್ನು ನಂಬಬೇಡಿ. ಮುಚ್ಚಳ ಸ್ವಲ್ಪ ಸೋರಿದರೂ ಗುಳ್ಳೆ ನಿಲ್ಲುತ್ತದೆ, ಯೀಸ್ಟ್ ಒಳಗೆ ದುಡಿಯುತ್ತಲೇ ಇರುತ್ತದೆ. ಎರಡು ವಾರ ಬಿಡಿ. ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದಾಗ ಹೈಡ್ರೋಮೀಟರ್ ಅದೇ ಅಂಕಿ ತೋರಿಸಿದರೆ, 1.048ರಿಂದ ಹೊರಟದ್ದು 1.010ರ ಆಸುಪಾಸಿಗೆ ಬಂದಿದ್ದರೆ, ಆಗ ತುಂಬಿ. ನೊರೆಗಾಗಿ ಸಕ್ಕರೆ ಲೀಟರಿಗೆ 6 ಗ್ರಾಂ, ತೂಗಿ ಹಾಕಿ, ಚಮಚದ ಅಂದಾಜು ಬೇಡ.

ಉಳಿದ ಬಾಟಲಿಗಳನ್ನು ಈಗಲೇ ಫ್ರಿಜ್‌ಗೆ ಸೇರಿಸಿ. ಮುಟ್ಟುವ ಮೊದಲು ಕನ್ನಡಕ, ದಪ್ಪ ಗ್ಲೌಸ್, ಪೂರ್ತಿ ತೋಳಿನ ಅಂಗಿ. ಒಂದು ದಿನ ತಣ್ಣಗಾದ ಮೇಲೆ ಒಂದೊಂದಕ್ಕೂ ದಪ್ಪ ಟವೆಲ್ ಸುತ್ತಿ, ಸಿಂಕ್‌ನಲ್ಲಿ ನಿಲ್ಲಿಸಿ, ಮುಚ್ಚಳವನ್ನು ಸ್ವಲ್ಪವೇ ಎತ್ತಿ ಗಾಳಿ ಬಿಡಿ. ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ.